ಪೂರ್ಣಾಂಕ ಮತ್ತು ಪೂರ್ಣತೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮರುದಿನ ಕರ್ನಾಟಕದ ಯಾವ ಊರಿನ ಪತ್ರಿಕೆಯನ್ನು ಬಿಡಿಸಿ ನೋಡಿದರೂ ಒಂದೇ ಬಗೆಯ ಪುಟ ಕಣ್ಣಿಗೆ ಬೀಳುತ್ತದೆ. ಮಗಳ ಬಾಯಿಗೆ ಸಿಹಿ ಇಡುತ್ತಿರುವ ತಾಯಿ, ಪಕ್ಕದಲ್ಲಿ ನಿಂತ ತಂದೆ, ಹಿಂದೆ ಮುಖ್ಯೋಪಾಧ್ಯಾಯರು. ಕೆಳಗೆ ಶಾಲೆಗಳ ಜಾಹೀರಾತು. ಅದರಲ್ಲಿ ಅಂಚೆಚೀಟಿಯ ಗಾತ್ರದ ಮುಖಗಳ ಸಾಲು, ಪ್ರತಿಯೊಂದು ಮುಖದ ಅಡಿಯಲ್ಲಿ ಹೆಸರಿಗಿಂತಲೂ ದಪ್ಪ ಅಕ್ಷರದಲ್ಲಿ ಮುದ್ರಿತವಾದ ಒಂದು ಸಂಖ್ಯೆ. ಸಂದರ್ಶನದ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದೆ? ಈ ಸಾಧನೆಗೆ ಯಾರು ಕಾರಣ? ಮುಂದೆ ಏನಾಗಬೇಕೆಂಬ ಆಸೆ? ಹತ್ತು ವರ್ಷ ಶಾಲೆಯಲ್ಲಿ ಕಳೆದ ಮಗುವಿಗೆ ಯಾವ ಪಾಠ ಇಷ್ಟವಾಯಿತು, ಯಾವ ಪ್ರಶ್ನೆ ಇನ್ನೂ ಬಗೆಹರಿಯದೆ ಉಳಿದಿದೆ ಎಂದು ಕೇಳುವವರು ವಿರಳ.

ಈ ಪುಟವೂ ಒಂದು ಬರಹವೇ. ಲಕ್ಷಾಂತರ ಮನೆಗಳಲ್ಲಿ ಅತ್ಯಂತ ಶ್ರದ್ಧೆಯಿಂದ ಓದಲ್ಪಡುವ ಬರಹ. ಒಂಬತ್ತನೆಯ ತರಗತಿಯ ಮಗು ಅದನ್ನು ಓದಿ ತನ್ನ ಮುಂದಿನ ವರ್ಷವನ್ನು ಕಲ್ಪಿಸಿಕೊಳ್ಳುತ್ತದೆ; ತಂದೆ ತಾಯಿಗಳು ಅದನ್ನು ಓದಿ ತಮ್ಮ ಮಗುವನ್ನು ಅಳೆಯುತ್ತಾರೆ. ಕಾವ್ಯ, ಕಾದಂಬರಿಗಳಿಗಿಂತ ಹೆಚ್ಚಾಗಿ ಮನಸ್ಸುಗಳನ್ನು ತಿದ್ದುವ ಇಂಥ ಬರಹ ವಿಮರ್ಶೆಗೆ ಹೊರತಾಗಿರಬೇಕಾದ ಕಾರಣವಿಲ್ಲ. ಅದು ಏನನ್ನು ಮೆಚ್ಚುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದನ್ನು ವಿಚಾರಿಸಿದರೆ ಇಂದಿನ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲಿರುವ ಭಾರದ ಸ್ವರೂಪ ತಿಳಿಯುತ್ತದೆ.

ಆ ಪುಟದ ನಾಯಕಸಂಖ್ಯೆ 625. 2025ರವರೆಗಿನ ಕ್ರಮದಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕ. ಬಹುಕಾಲ ಈ ಸಂಖ್ಯೆ ಅಂಕಪಟ್ಟಿಯ ಒಂದು ಮೂಲೆಯಲ್ಲಿ ಛೇದದ ಸ್ಥಾನದಲ್ಲಿತ್ತು. ಅದನ್ನು ಅಂಶದ ಸ್ಥಾನದಲ್ಲಿ ಕಂಡವರಿರಲಿಲ್ಲ. 2016ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ಇತಿಹಾಸದಲ್ಲೇ ಮೊದಲ ಬಾರಿಗೆ ಒಬ್ಬ ವಿದ್ಯಾರ್ಥಿ 625ಕ್ಕೆ 625 ಪಡೆದ. ಅಂದಿನಿಂದ ಪೂರ್ಣಾಂಕವು ಆಶ್ಚರ್ಯದ ವಸ್ತುವಾಗಿ ಉಳಿಯದೆ ಗುರಿಯಾಯಿತು. 2020ರಲ್ಲಿ ಆರು ಮಂದಿ ಅದನ್ನು ಮುಟ್ಟಿದರು. ಕೋವಿಡ್ ಕಾಲದ 2021ರಲ್ಲಿ ಎರಡೇ ದಿನಗಳಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಮೂಲಕ ಸರಳೀಕೃತ ಪರೀಕ್ಷೆ ನಡೆದಾಗ 157 ಮಂದಿ, 2022ರಲ್ಲಿ 145 ಮಂದಿ ಪೂರ್ಣಾಂಕ ಪಡೆದರು. 2023ರಲ್ಲಿ ಆ ಸಂಖ್ಯೆ ನಾಲ್ಕಕ್ಕೆ, 2024ರಲ್ಲಿ ಒಂದಕ್ಕೆ ಇಳಿದು, 2025ರಲ್ಲಿ 22ಕ್ಕೆ ಏರಿತು.

ಈ ಏರಿಳಿತವೇ ಒಂದು ಪಾಠ. ಒಂದು ನಾಡಿನ ಮಕ್ಕಳ ಬುದ್ಧಿ ಎರಡು ವರ್ಷಗಳಲ್ಲಿ 145ರಿಂದ ಒಂದಕ್ಕೆ ಕುಗ್ಗುವುದಿಲ್ಲ. ಮರುವರ್ಷ 22 ಪಟ್ಟು ಹಿಗ್ಗುವುದೂ ಇಲ್ಲ. ಬದಲಾದದ್ದು ಪ್ರಶ್ನೆಪತ್ರಿಕೆಯ ರೀತಿ, ಪರೀಕ್ಷಾ ಕೊಠಡಿಯ ಕಟ್ಟುನಿಟ್ಟು, ಮೌಲ್ಯಮಾಪನದ ಕ್ರಮ. ಆದರೆ ಮಗುವಿಗೆ ಈ ಸೂಕ್ಷ್ಮವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅಳತೆಗೋಲು ಬದಲಾದಾಗಲೂ ತಾನೇ ಕುಗ್ಗಿದೆನೆಂದು ಅದು ಭಾವಿಸುತ್ತದೆ.

ಪೂರ್ಣಾಂಕವೆಂಬುದು ಹೇಗೆ ಸಿದ್ಧವಾಗುತ್ತದೆ ಎಂಬುದನ್ನೂ ನೋಡಬೇಕು. ಈ 625ರಲ್ಲಿ 500 ಮಾತ್ರ ಲಿಖಿತ ಪರೀಕ್ಷೆಯವು; ಉಳಿದ 125 ಶಾಲೆಯೇ ನೀಡುವ ಆಂತರಿಕ ಮೌಲ್ಯಮಾಪನದ ಅಂಕಗಳು. ವರ್ಷವಿಡೀ ಮಗುವಿನ ಚಟುವಟಿಕೆ, ಯೋಜನಾಕಾರ್ಯ, ಕಿರುಪರೀಕ್ಷೆಗಳನ್ನು ಗಮನಿಸಿ ಕೊಡಬೇಕಾದ ಈ ಅಂಕಗಳಲ್ಲಿ ಒಂದು ಕಡಿಮೆಯಾದರೂ 625 ಅಸಾಧ್ಯ. ಆದುದರಿಂದ ಪೂರ್ಣಾಂಕದ ಆಸೆಯುಳ್ಳ ಶಾಲೆಗೆ ಮಗುವಿನ ಯೋಜನಾಕಾರ್ಯದಲ್ಲಿ ಕೊರತೆ ಕಂಡರೂ ಅದನ್ನು ಅಂಕದಲ್ಲಿ ತೋರಿಸಲು ಕೈ ಬಾರದು. ತಪ್ಪು ಮಾಡಿ ತಿದ್ದಿಕೊಳ್ಳಲೆಂದು ಏರ್ಪಡಿಸಿದ ಅಂಗಳದಲ್ಲಿಯೂ ತಪ್ಪಿಗೆ ಪ್ರವೇಶವಿಲ್ಲದಂತಾಯಿತು.

ಲಿಖಿತ ಪರೀಕ್ಷೆಯ ಭಾಷಾಪತ್ರಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಣಿತದಲ್ಲಿ ಉತ್ತರ ಸರಿಯೋ ತಪ್ಪೋ ಆಗಿರುತ್ತದೆ. ಅಲ್ಲಿ ಪೂರ್ಣಾಂಕಕ್ಕೆ ಅರ್ಥವಿದೆ. ಆದರೆ ಪ್ರಬಂಧಕ್ಕೆ ಪೂರ್ಣಾಂಕವೆಂದರೇನು? ಮಾದರಿ ಉತ್ತರದ ದೃಷ್ಟಿಯಲ್ಲಿ ಅದು ಬಹಳ ಸುಲಭದ ಪ್ರಶ್ನೆ. ಪ್ರಬಂಧವನ್ನು ಪೀಠಿಕೆ, ವಿಷಯವಿವರಣೆ, ಉಪಸಂಹಾರ ಎಂದು ಒಡೆದು ಅಂಕ ಹಂಚಿದರಾಯಿತು. ಪತ್ರಲೇಖನದಲ್ಲಿ ಸ್ಥಳ, ದಿನಾಂಕ, ಸಂಬೋಧನೆ, ಒಕ್ಕಣೆ, ವಿಳಾಸ ಇವೆಲ್ಲ ಇದ್ದರಾಯಿತು. ಗಾದೆಯನ್ನು ವಿಸ್ತರಿಸಿ ಬರೆಯೆಂದರೆ ನಾಡಿನ ಈ ತುದಿಯಿಂದ ಆ ತುದಿಯವರೆಗೆ ಸಾವಿರಾರು ಉತ್ತರಪತ್ರಿಕೆಗಳು 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬ ಒಂದೇ ವಾಕ್ಯದಿಂದ ಆರಂಭವಾಗುತ್ತವೆ. ಮಗು ಆ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದಿರಬಹುದು, ಅದರ ಅರ್ಥ ಮನೆಯಲ್ಲೇ ನಡೆದ ಒಂದು ಘಟನೆಯಿಂದ ಹೊಳೆದಿರಬಹುದು. ಆದರೆ ಅದನ್ನು ಬರೆಯುವ ಸಾಹಸಕ್ಕೆ ಅದು ಕೈಹಾಕುವುದಿಲ್ಲ. ಗೊತ್ತಿರುವ ವಾಕ್ಯ ಅಪಾಯವಿಲ್ಲದ ವಾಕ್ಯ.

ಇದಕ್ಕಿಂತಲೂ ಮಾರ್ಮಿಕವಾದ ನಿದರ್ಶನ ಸಂದರ್ಭಸಹಿತ ಸ್ವಾರಸ್ಯದ ಪ್ರಶ್ನೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಮೆಟ್ಟಿಲುಗಳಲ್ಲಿ ಉತ್ತರ ಬರೆಯುವ ಈ ಪದ್ಧತಿ ಹಳೆಯದು. ಸ್ವಾರಸ್ಯವೆಂದರೆ ಓದುಗನಿಗೆ ದೊರೆತ ರಸ. ಆ ಮಾತು ತನಗೇಕೆ ಹಿಡಿಸಿತು ಎಂಬುದನ್ನು ಹೇಳಲು ಮಗುವಿಗೆ ದೊರೆತಿರುವ ಅಪರೂಪದ ಅವಕಾಶವದು. ಆದರೆ ಯಾವ ಸಾಲಿನ ಸ್ವಾರಸ್ಯವೇನೆಂಬುದು ಮಾರ್ಗದರ್ಶಿ ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಅದನ್ನು ಬಾಯಿಪಾಠ ಮಾಡಿ ಬರೆದ ಮಗುವಿಗೆ ಪೂರ್ಣಾಂಕ ನಿಶ್ಚಿತ. ಬೇರೊಬ್ಬರ ಮೆಚ್ಚುಗೆಯನ್ನು ತನ್ನದೆಂದು ಬರೆಯುವುದು ಇಲ್ಲಿ ಅಸತ್ಯವೆನಿಸುವುದಿಲ್ಲ, ಜಾಣತನವೆನಿಸುತ್ತದೆ. ಹದಿನೈದು ವರ್ಷದ ಮಗುವಿಗೆ ನೀತಿಪಾಠ ಹೇಳುವ ವ್ಯವಸ್ಥೆಯೊಂದು ಇಷ್ಟು ನಿರಾತಂಕವಾಗಿ ಇದನ್ನು ಕಲಿಸುತ್ತಿದೆಯೆಂಬುದು ಯೋಚಿಸತಕ್ಕ ವಿಷಯ.

ಹೀಗೆ ನೋಡಿದಾಗ ಪೂರ್ಣಾಂಕವು ಅಳೆಯುವುದು ದೋಷದ ಅಭಾವವನ್ನು. ಗುಣದ ಇರವು ಅದರ ಅಳತೆಗೆ ಸಿಕ್ಕುವುದಿಲ್ಲ. ಈ ಎರಡರ ಅಂತರವನ್ನು ಭಾರತೀಯ ಕಾವ್ಯಮೀಮಾಂಸೆ ಬಹು ಹಿಂದೆಯೇ ಚರ್ಚಿಸಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ ಕಾವ್ಯದ ಲಕ್ಷಣ ಹೇಳುವಾಗ ಶಬ್ದಾರ್ಥಗಳು ದೋಷರಹಿತವಾಗಿಯೂ ಗುಣಸಹಿತವಾಗಿಯೂ ಇರಬೇಕೆಂದ. ಹದಿನಾಲ್ಕನೆಯ ಶತಮಾನದ ವಿಶ್ವನಾಥ 'ಸಾಹಿತ್ಯದರ್ಪಣ'ದಲ್ಲಿ ಈ ಲಕ್ಷಣವನ್ನು ಒಪ್ಪಲಿಲ್ಲ. ದೋಷವೇ ಇರಕೂಡದೆಂದರೆ ಕಾವ್ಯವೆಂಬುದು ಜಗತ್ತಿನಲ್ಲಿ ಅತಿವಿರಳವಾದೀತು, ಅಥವಾ ಇಲ್ಲವೇ ಆದೀತು ಎಂಬುದು ಅವನ ಆಕ್ಷೇಪ. ಹುಳು ಕೊರೆದ ಗುರುತಿದ್ದ ಮಾತ್ರಕ್ಕೆ ರತ್ನವು ರತ್ನವಲ್ಲದೆ ಹೋಗುವುದಿಲ್ಲವೆಂದು ಅವನು ದೃಷ್ಟಾಂತ ಕೊಟ್ಟ. ಕನ್ನಡದ ಮೊದಲ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ'ವೂ ದೋಷವಿಚಾರವನ್ನು ಲಘುವಾಗಿ ಕಂಡಿಲ್ಲ. ಅದರ ಮೊದಲನೆಯ ಪರಿಚ್ಛೇದವೇ ದೋಷಾದೋಷಗಳ ನಿರ್ಣಯ. ಆದರೆ ಗ್ರಂಥ ಅಲ್ಲಿಗೆ ಮುಗಿಯುವುದಿಲ್ಲ, ಮುಂದಿನ ಎರಡು ಪರಿಚ್ಛೇದಗಳು ಅಲಂಕಾರಗಳಿಗೆ ಮೀಸಲಾಗಿವೆ. ದೋಷಪರಿಹಾರ ವಿದ್ಯೆಯ ಹೊಸ್ತಿಲು. ಮನೆ ಅದರ ಒಳಗಿದೆ. ಪೂರ್ಣಾಂಕದ ಆರಾಧನೆ ಮಕ್ಕಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಇದೇ ಮನೆಯೆಂದು ನಂಬಿಸುತ್ತದೆ.

ಇದರ ಪರಿಣಾಮ ಮಗುವಿನ ಮನಸ್ಸಿನ ಮೇಲೆ ಏನಾಗುತ್ತದೆ? ಗುಣವನ್ನು ಅರಸುವವನಿಗೆ ಮುಂದೆ ಏನೋ ಕಾದಿದೆಯೆಂಬ ಉತ್ಸಾಹವಿರುತ್ತದೆ. ದೋಷವನ್ನು ತಪ್ಪಿಸಲು ಹೊರಟವನಿಗೆ ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಭಯವಿರುತ್ತದೆ. ಪರಿಪೂರ್ಣತೆಯ ಹಂಬಲವನ್ನು ಅಧ್ಯಯನ ಮಾಡಿದ ಕೆನಡಾದ ಮನೋವಿಜ್ಞಾನಿಗಳಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಅದನ್ನು ಮೂರು ಬಗೆಯಾಗಿ ವಿಂಗಡಿಸಿದರು: ತನ್ನಿಂದಲೇ ಪೂರ್ಣತೆಯನ್ನು ಬಯಸುವುದು, ಇತರರಿಂದ ಬಯಸುವುದು, ಇತರರು ತನ್ನಿಂದ ಪೂರ್ಣತೆಯನ್ನೇ ಬಯಸುತ್ತಾರೆಂದು ನಂಬಿ ಬದುಕುವುದು. ಈ ಮೂರನೆಯದೇ ಹೆಚ್ಚು ಅಪಾಯಕಾರಿ. ಏಕೆಂದರೆ ಅದರಲ್ಲಿ ಮಗು ತಾನು ಪ್ರೀತಿಗೆ ಅರ್ಹನಾಗುವುದು ತಪ್ಪಿಲ್ಲದೆ ಇರುವವರೆಗೆ ಮಾತ್ರವೆಂದು ತಿಳಿಯುತ್ತದೆ. ಥಾಮಸ್ ಕರನ್ ಮತ್ತು ಆ್ಯಂಡ್ರ್ಯೂ ಹಿಲ್ ಎಂಬ ಸಂಶೋಧಕರು ಅಮೆರಿಕ, ಕೆನಡಾ, ಬ್ರಿಟನ್‌ಗಳ ಕಾಲೇಜು ವಿದ್ಯಾರ್ಥಿಗಳ ಬಗೆಗಿನ 1989ರಿಂದ 2016ರವರೆಗಿನ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಈ ಮೂರನೆಯ ಬಗೆಯೇ ಎಲ್ಲಕ್ಕಿಂತ ಹೆಚ್ಚು ಬೆಳೆದಿರುವುದು ಕಂಡುಬಂತು.

ಭಾರತದ ಶಾಲೆಗಳ ಸ್ಥಿತಿ ಇದಕ್ಕಿಂತ ನೆಮ್ಮದಿಯದಲ್ಲ. ಎನ್.ಸಿ.ಇ.ಆರ್.ಟಿ. 2022ರಲ್ಲಿ ಆರರಿಂದ ಹನ್ನೆರಡನೆಯ ತರಗತಿಯವರೆಗಿನ 3.79 ಲಕ್ಷ ವಿದ್ಯಾರ್ಥಿಗಳನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ ಓದು, ಪರೀಕ್ಷೆ ಮತ್ತು ಫಲಿತಾಂಶಗಳೇ ಆತಂಕದ ಕಾರಣವೆಂದು ಹೇಳಿದವರು ಶೇಕಡಾ 81. ತರಗತಿಯ ಹಿಂದಿನ ಬೆಂಚಿನವರು ಮಾತ್ರ ಅಂಜುತ್ತಾರೆಂದರೆ ಈ ಪ್ರಮಾಣ ಬರುವುದು ಸಾಧ್ಯವಿಲ್ಲ. ಮುಂದಿನ ಬೆಂಚೂ ಅಂಜುತ್ತಿದೆ.

ಆ ಅಂಜಿಕೆ ಹೊರಗೆ ಕಾಣದಿರುವುದೇ ಅದರ ಕ್ರೌರ್ಯ. ಅನುತ್ತೀರ್ಣನಾದ ಮಗುವಿನ ದುಃಖ ಎಲ್ಲರಿಗೂ ಕಾಣುತ್ತದೆ. 624 ಪಡೆದ ಮಗುವಿನ ದುಃಖವನ್ನು ಕಂಡವರು ನಗುತ್ತಾರೆ, ಅಥವಾ ಅದನ್ನೂ ಛಲವೆಂದು ಹೊಗಳುತ್ತಾರೆ. ಹೋದ ಒಂದು ಅಂಕವನ್ನು ಹುಡುಕಿ ಉತ್ತರಪತ್ರಿಕೆಯ ಪ್ರತಿ ತರಿಸಿ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ, 624ನ್ನು 625 ಮಾಡಿಕೊಂಡ ಪ್ರಸಂಗಗಳು ನಡೆದಿವೆ. ನ್ಯಾಯವಾಗಿ ಬರಬೇಕಾದ ಅಂಕವನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ 624 ಅಂಕಗಳು ಕೊಡಲಾರದ ಯಾವ ನೆಮ್ಮದಿಯನ್ನು ಆ ಒಂದು ಅಂಕ ತಂದುಕೊಡುತ್ತದೆ ಎಂಬ ಪ್ರಶ್ನೆಯನ್ನು ಯಾರಾದರೂ ಹಿರಿಯರು ಕೇಳಬೇಕಿತ್ತು. 2024ರಲ್ಲಿ ಪೂರಕ ಪರೀಕ್ಷೆಯ ಬದಲು ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೂರರಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಬಹುದಿತ್ತು. ಬಿದ್ದ ಮಗುವನ್ನು ವರ್ಷ ಹಾಳಾಗದಂತೆ ಎತ್ತುವ ಸದುದ್ದೇಶದ ಈ ಏರ್ಪಾಡು, ಪೂರ್ಣಾಂಕದ ಹಂಬಲಕ್ಕೆ ಬಿದ್ದ ಮಗುವಿಗೆ ಪರೀಕ್ಷೆ ಎಂದೂ ಮುಗಿಯದಂತೆ ಮಾಡಲೂಬಹುದಿತ್ತು. ಸಂಗ್ರಹಕ್ಕೆ ಮಿತಿ ಹಾಕಿಕೊಳ್ಳದ ಮನಸ್ಸಿಗೆ ಅಂಕವೂ ಒಂದು ಪರಿಗ್ರಹವೇ.

ದ್ರವ್ಯಹಿಂಸೆ, ಭಾವಹಿಂಸೆಗಳ ಭೇದ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿತು. ಬೆತ್ತ ಬಹುಮಟ್ಟಿಗೆ ಮರೆಯಾಯಿತು. ಆದರೆ ಊಟದ ತಟ್ಟೆಯ ಮುಂದೆ ಕೇಳುವ 'ಆ ಎರಡು ಅಂಕ ಎಲ್ಲಿ ಹೋಯಿತು?' ಎಂಬ ಪ್ರಶ್ನೆಗೆ, ನೆರೆಮನೆಯ ಮಗುವಿನ ಹೆಸರೆತ್ತಿ ಬಿಡುವ ನಿಟ್ಟುಸಿರಿಗೆ ಯಾವ ಕಾಯಿದೆಯೂ ಅನ್ವಯಿಸುವುದಿಲ್ಲ. ಕೈ ಎತ್ತದೆ, ದನಿ ಏರಿಸದೆ, ಪ್ರೀತಿಯ ಹೆಸರಿನಲ್ಲಿಯೇ ನಡೆಯುವ ನೋವು ಇದು. ಕೊಡುವವರಿಗೆ ತಾವು ಕೊಟ್ಟೆವೆಂಬುದೂ ತಿಳಿದಿರುವುದಿಲ್ಲ.

ಈ ಒತ್ತಡವನ್ನು ಪ್ರತಿಭಟಿಸಿದ ಕೃತಿಗಳು ಬಂದಿಲ್ಲವೇ ಎಂದು ಕೇಳಬಹುದು. ಬಂದಿವೆ, ಜನಪ್ರಿಯವೂ ಆಗಿವೆ. ಅವುಗಳಲ್ಲಿ ಎರಡು ಹಿಂದೀ ಚಲನಚಿತ್ರಗಳು ಕರ್ನಾಟಕದ ಶಾಲಾಮಕ್ಕಳಿಗೂ ಚಿರಪರಿಚಿತ. 2007ರ 'ತಾರೆ ಜಮೀನ್ ಪರ್' ಅಕ್ಷರಗಳು ಕಲಸಿಹೋಗುವ ತೊಂದರೆಯುಳ್ಳ ಇಶಾನ್ ಎಂಬ ಬಾಲಕನ ಕಥೆ. 2009ರ 'ತ್ರೀ ಈಡಿಯಟ್ಸ್' ಎಂಜಿನಿಯರಿಂಗ್ ಕಾಲೇಜಿನ ಮೂವರು ಗೆಳೆಯರ ಕಥೆ. ಎರಡೂ ಅಂಕದ ದಬ್ಬಾಳಿಕೆಯನ್ನು ಖಂಡಿಸುತ್ತವೆ, ಎರಡೂ ನೋಡುಗರ ಕಣ್ಣಲ್ಲಿ ನೀರು ತರಿಸುತ್ತವೆ. ಆದರೂ ಮೊದಲನೆಯದರ ಕೊನೆಗೆ ಇಶಾನ್ ಚಿತ್ರಕಲಾ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆಯಬೇಕು. ಎರಡನೆಯದರಲ್ಲಿ ಅಂಕವನ್ನು ಲೆಕ್ಕಿಸದ ನಾಯಕ ತರಗತಿಗೆ ಮೊದಲಿಗನೂ ಆಗಬೇಕು, ಮುಂದೆ ನಾನೂರು ಪೇಟೆಂಟುಗಳ ಒಡೆಯನೂ ಆಗಬೇಕು. ಸ್ಪರ್ಧೆಯನ್ನು ಧಿಕ್ಕರಿಸಿದವನಿಗೂ ಸ್ಪರ್ಧೆಯ ಪದಕವನ್ನೇ ತೊಡಿಸದ ಹೊರತು ಕಥೆಗೆ ಮುಕ್ತಾಯ ಸಿಕ್ಕುವುದಿಲ್ಲ. ಇಶಾನನ ಚಿತ್ರಕ್ಕೆ ಬಹುಮಾನ ಬಾರದೆ ಹೋಗಿದ್ದರೆ? ಆಗಲೂ ಅವನು ಪ್ರೀತಿಗೆ ಅರ್ಹನೇ ಆಗಿದ್ದ. ಆ ಮಾತನ್ನು ಹೇಳುವ ಧೈರ್ಯ ಚಿತ್ರಕ್ಕೆ ಬರಲಿಲ್ಲ.

ಇದಕ್ಕಿಂತ ಗಹನವಾದ ಕೊರತೆ ಬೇರೊಂದಿದೆ. ಇಶಾನನಿಗೆ ಯೋಹಾನನೆಂಬ ಅಣ್ಣನಿದ್ದಾನೆ. ಓದಿನಲ್ಲಿ ಮುಂದು, ಟೆನಿಸ್ ಆಟದಲ್ಲಿ ಮುಂದು, ತಂದೆಯ ಹೆಮ್ಮೆ. ಚಿತ್ರದ ಕರುಣೆ ತಮ್ಮನ ಬಳಿಗೆ ಬಂದು ನಿಲ್ಲುತ್ತದೆ. ಪ್ರತಿದಿನ ಗೆಲ್ಲಲೇಬೇಕಾದ ಅಣ್ಣನ ಎದೆಯೊಳಗೆ ಏನಿದೆಯೆಂದು ಅದು ಹೆಚ್ಚು ವಿಚಾರಿಸುವುದಿಲ್ಲ. 'ತ್ರೀ ಈಡಿಯಟ್ಸ್'ನ ಚತುರನ ಪಾಡು ಇನ್ನೂ ಕಷ್ಟದ್ದು. ಬಾಯಿಪಾಠದಿಂದ ಮೇಲೆ ಬರಲು ಹೆಣಗುವ, ಎರಡನೆಯ ಸ್ಥಾನಕ್ಕೆ ಕುದಿಯುವ ಆ ವಿದ್ಯಾರ್ಥಿ ವ್ಯವಸ್ಥೆಯ ಅತ್ಯಂತ ವಿಧೇಯ ಶಿಶು. ಅದರಿಂದ ಅತ್ಯಂತ ಹೆಚ್ಚು ಕೆಟ್ಟವನೂ ಅವನೇ. ಅವನು ಅರ್ಥ ತಿಳಿಯದೆ ಉರು ಹೊಡೆದ ಭಾಷಣದಲ್ಲಿ ಗೆಳೆಯರು ಕಿಡಿಗೇಡಿತನದಿಂದ ಪದ ಬದಲಾಯಿಸಿ ತುಂಬಿದ ಸಭೆಯಲ್ಲಿ ಅವನನ್ನು ನಗೆಪಾಟಲಿಗೆ ಈಡುಮಾಡುತ್ತಾರೆ, ಪ್ರೇಕ್ಷಕರೂ ನಗುತ್ತಾರೆ. ಪರಿಪೂರ್ಣತೆಯ ಗೀಳು ಹತ್ತಿದ ಮಗುವನ್ನು ಒಂದು ಚಿತ್ರ ಬದಿಗಿರಿಸಿತು, ಇನ್ನೊಂದು ಹಾಸ್ಯಪಾತ್ರವಾಗಿಸಿತು. ನೆರವು ಬೇಕಾಗಿದ್ದುದು ಅವರಿಗೂ ಎಂಬ ಅರಿವು ಎರಡರಲ್ಲಿಯೂ ಸಾಲದಾಯಿತು.

ಈ ದೃಷ್ಟಿಯಿಂದ ಮೈಸೂರಿನ ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ಇಂದಿಗೂ ಹೊಸದಾಗಿ ಕಾಣುತ್ತದೆ. 1935ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಪರೀಕ್ಷೆಯ ಒಂದು ಪ್ರಸಂಗವಿದೆ. ಬ್ರಾಹ್ಮಣ ಮತ್ತು ಹುಲಿಯ ಕಥೆಯ ನೀತಿಯೇನೆಂದು ಪ್ರಶ್ನೆ. ಆ ಕಥೆಗೆ ನೀತಿಯೊಂದಿರಬಹುದೆಂಬುದೇ ಸ್ವಾಮಿಗೆ ಅದುವರೆಗೆ ಹೊಳೆದಿರಲಿಲ್ಲ. ಬಂಗಾರದ ಬಳೆಯ ಆಸೆ ಪ್ರಾಣಕ್ಕೇ ಎರವಾಗುತ್ತದೆಂಬ ಅರ್ಥದ ಒಂದೇ ವಾಕ್ಯ ಬರೆದು, ಸಮಯಕ್ಕೆ ಮೊದಲೇ ಅವನು ಹೊರಗೆ ಬರುತ್ತಾನೆ. ಆಮೇಲೆ ಗೆಳೆಯರು ಬಂದು ತಾವು ಎಷ್ಟೆಷ್ಟು ಬರೆದೆವೆಂದು ಪುಟದ ಲೆಕ್ಕದಲ್ಲಿ ಹೇಳಿಕೊಳ್ಳುವಾಗ ಅವನಿಗೆ ಒಳಗೊಳಗೇ ಕಳವಳ. ಉತ್ತರಪತ್ರಿಕೆಯ ಎದುರು ಹುಟ್ಟದ ಭಯ ಹೋಲಿಕೆಯ ಎದುರು ಹುಟ್ಟುವುದನ್ನು ನಾರಾಯಣ್ ಬಹು ಸಹಜವಾಗಿ ತೋರಿಸಿದ್ದಾರೆ. ಆದರೆ ಆ ಕಳವಳಕ್ಕೆ ಒಂದು ಎಲ್ಲೆಯಿದೆ. ಪರೀಕ್ಷೆ ಮುಗಿದ ದಿನ ಹುಡುಗರು ಒಬ್ಬರ ಮೇಲೊಬ್ಬರು ಶಾಯಿ ಎರಚಿ ಕುಣಿಯುತ್ತಾರೆ. ಬರೆಯಲು ಬಳಸಿದ ಶಾಯಿ ಆಟದ ನೀರಾಗುತ್ತದೆ. ತರಗತಿಯ ಅತಿ ಬುದ್ಧಿವಂತನಾದ ಶಂಕರನೂ ಅಲ್ಲಿ ಗೆಳೆಯರಲ್ಲೊಬ್ಬ. ಅವನು ಯಾರ ದೇವರೂ ಅಲ್ಲ, ಯಾರ ವಿದೂಷಕನೂ ಅಲ್ಲ. ಸ್ವಾಮಿಗಾಗಲಿ ಶಂಕರನಿಗಾಗಲಿ ಕೊನೆಯಲ್ಲಿ ಪದಕ ತೊಡಿಸುವ ಅಗತ್ಯ ಲೇಖಕರಿಗೆ ಕಂಡಿಲ್ಲ. ಹುಡುಗ ಹುಡುಗನಾಗಿರುವುದೇ ಅವರಿಗೆ ಸಾಕಾಗಿದೆ.

ನಾರಾಯಣ್ ಅವರಿಗೆ ಈ ಸಮದೃಷ್ಟಿ ಪುಸ್ತಕದಿಂದ ಬಂದುದಲ್ಲ. ಅವರ ತಂದೆ ಮೈಸೂರಿನ ಮಹಾರಾಜಾ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರು; ಅಂಥವರ ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಒಂದು ವರ್ಷ ಮನೆಯಲ್ಲಿ ಕುಳಿತರು. ಆ ವರ್ಷವನ್ನು ಅವರು ಮನಬಂದಂತೆ ಓದುತ್ತ, ಬರೆಯುತ್ತ ಕಳೆದರು. 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು 1989ರಲ್ಲಿ ಮಾಡಿದ ಭಾಷಣದ ವಿಷಯ ದೇಶದ ಅರ್ಥನೀತಿಯಲ್ಲ, ಸಾಹಿತ್ಯವೂ ಅಲ್ಲ. ಶಾಲಾಮಕ್ಕಳ ಬೆನ್ನಿನ ಪುಸ್ತಕದ ಚೀಲ. ಆ ಮಾತಿನ ಪ್ರೇರಣೆಯಿಂದ ರೂಪುಗೊಂಡ, ವಿಜ್ಞಾನಿ ಯಶ್ ಪಾಲ್ ಅವರ ಅಧ್ಯಕ್ಷತೆಯ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ಚೀಲದ ತೂಕಕ್ಕಿಂತಲೂ ಅರ್ಥವಾಗದೆ ಹೊರುವ ಪಾಠದ ಭಾರವೇ ಹೆಚ್ಚು ಹಾನಿಕರವೆಂಬುದು ಆ ವರದಿಯ ತಿರುಳು. ಮೂರು ದಶಕಗಳ ಅನಂತರ ಅದಕ್ಕೆ ಸೇರಿಸಬೇಕಾದ ಮಾತೊಂದಿದೆ. ಅರ್ಥವಾದ ಪಾಠವೂ ತಪ್ಪಬಾರದೆಂಬ ಭಯದಲ್ಲಿ ಹೊತ್ತಾಗ ಭಾರವೇ ಆಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಅಂಕವನ್ನು ಹಗುರವಾಗಿ ಕಾಣುವುದು ಉಳ್ಳವರ ಮಾತು, ಇಲ್ಲದವರಿಗೆ ಅಂಕವೇ ಏಣಿ ಎಂಬುದು ಆ ಆಕ್ಷೇಪ. ಅದರಲ್ಲಿ ಸತ್ಯವಿದೆ. ಕೂಲಿಕಾರರ ಮಗಳ ಉತ್ತರಪತ್ರಿಕೆಯನ್ನೂ ಅಧಿಕಾರಿಯ ಮಗನ ಉತ್ತರಪತ್ರಿಕೆಯನ್ನೂ ತಿದ್ದುವವರಿಗೆ ಅವರ ಹೆಸರು, ಕುಲ ತಿಳಿಯುವುದಿಲ್ಲ. ಎಷ್ಟೋ ಮನೆಗಳ ಬಾಗಿಲು ತೆರೆದದ್ದು ಈ ಪರೀಕ್ಷೆಯಿಂದಲೇ. ಪರಿಶ್ರಮವನ್ನು, ಶಿಸ್ತನ್ನು, ಅಚ್ಚುಕಟ್ಟನ್ನು ಯಾರೂ ಹೀಗಳೆಯಬೇಕಾಗಿಲ್ಲ. ಆದರೆ ಏಣಿಗೆ ಬೇಕಾದುದು ಗಟ್ಟಿಯಾದ ಮೆಟ್ಟಿಲುಗಳು. ಅದರ ತುತ್ತತುದಿಯಲ್ಲಿ ಒಬ್ಬನೇ ನಿಂತು ಚಿತ್ರ ತೆಗೆಸಿಕೊಳ್ಳುವುದು ಏರಿದಂತಾಗುವುದಿಲ್ಲ. 610 ಪಡೆದ ಮಗುವಿಗೂ 625 ಪಡೆದ ಮಗುವಿಗೂ ಮುಂದಿನ ವ್ಯಾಸಂಗದಲ್ಲಿ ಇರುವ ಅಂತರವಾದರೂ ಎಷ್ಟು? ಎಂಜಿನಿಯರಿಂಗ್ ಸೀಟಿಗೆ ರಾಜ್ಯದಲ್ಲಿ ಎಣಿಕೆಗೆ ಬರುವುದು ಪಿ.ಯು.ಸಿ. ಮತ್ತು ಸಿ.ಇ.ಟಿ. ಅಂಕಗಳು, ವೈದ್ಯಕೀಯಕ್ಕೆ ನೀಟ್. ಎಸ್.ಎಸ್.ಎಲ್.ಸಿ.ಯ ಕೊನೆಯ ಹದಿನೈದು ಅಂಕಗಳ ಉಪಯೋಗ ಮಗುವಿಗಿಂತ ಹೆಚ್ಚಾಗಿ ಶಾಲೆಯ ಜಾಹೀರಾತಿಗೇ.

ಏಣಿಯ ಬುಡದಲ್ಲಿ ನಿಂತವರನ್ನು ಆ ಜಾಹೀರಾತು ತೋರಿಸುವುದಿಲ್ಲ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ 8.5 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಮೊದಲ ಪರೀಕ್ಷೆ ಬರೆದರು. ಕೃಪಾಂಕಗಳನ್ನು ನೀಡಿದ ಮೇಲೂ ಉತ್ತೀರ್ಣರಾದವರು ಶೇಕಡಾ 73.40. ಒಬ್ಬಳು 625 ಪಡೆದಳು; 2 ಲಕ್ಷಕ್ಕೂ ಹೆಚ್ಚು ಮಕ್ಕಳು ಅನುತ್ತೀರ್ಣರಾದರು. ಮರುದಿನದ ಪುಟದಲ್ಲಿ ಆ ಒಬ್ಬಳಿಗೆ ದೊರೆತ ಸ್ಥಳ, ಈ 2 ಲಕ್ಷ ಮಕ್ಕಳಿಗೆ ದೊರೆತ ಸ್ಥಳ ಎರಡನ್ನೂ ಹೋಲಿಸಿದರೆ ಸಮಾಜದ ಗಮನ ಎತ್ತ ವಾಲಿದೆಯೆಂಬುದು ಸ್ಪಷ್ಟ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಎಲ್ಲರ ನೋವಿಗೂ ಪರೀಕ್ಷೆಯೇ ಕಾರಣವಲ್ಲ. ಒಂದು ಜೀವದ ಸಂಕಟಕ್ಕೆ ಒಂದೇ ಕಾರಣ ಹುಡುಕುವುದೂ ಸರಿಯಲ್ಲ. ಆದರೂ ಫಲಿತಾಂಶದ ವಾರದಲ್ಲಿ ಮನೆ ಮನೆಗಳಲ್ಲಿ ಹಿರಿಯರು ತಮ್ಮ ಮಾತನ್ನು ತೂಗಿ ಆಡಬೇಕೆಂಬುದಕ್ಕೆ ಈ ಸಂಖ್ಯೆಗಿಂತ ಬೇರೆ ಸಾಕ್ಷಿ ಬೇಡ.

ವ್ಯವಸ್ಥೆಯೂ ಸ್ವಲ್ಪ ಸ್ವಲ್ಪವಾಗಿ ಎಚ್ಚರಗೊಳ್ಳುತ್ತಿದೆ. ಅನಾರೋಗ್ಯಕರ ಪೈಪೋಟಿಯನ್ನು ತಪ್ಪಿಸಲೆಂದೇ ತಾನು ಮೊದಲಿಗರ ಪಟ್ಟಿಯನ್ನು ಪ್ರಕಟಿಸುವುದಿಲ್ಲವೆಂದು ಸಿ.ಬಿ.ಎಸ್.ಇ. 2023ರಲ್ಲಿ ಸ್ಪಷ್ಟಪಡಿಸಿತು. ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನೀಡಿದ ಮಾರ್ಗಸೂಚಿಗಳಲ್ಲಿ ಅಂಕದ ಆಧಾರದ ಮೇಲೆ ಮಕ್ಕಳನ್ನು ಗುಂಪುಗಳಾಗಿ ಬೇರ್ಪಡಿಸುವುದನ್ನೂ, ಎಲ್ಲರೆದುರು ಅವಮಾನಿಸುವುದನ್ನೂ, ಶಕ್ತಿಮೀರಿದ ಗುರಿಗಳನ್ನು ಹೇರುವುದನ್ನೂ ಬಿಡಬೇಕೆಂದು ಹೇಳಿತು. ಮನಸ್ಸು ಕುಸಿದಾಗ ಮಕ್ಕಳೂ ಪೋಷಕರೂ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆಮಾಡಬಹುದಾದ 'ಟೆಲಿ ಮಾನಸ್' ಸಹಾಯವಾಣಿ, ಸಂಖ್ಯೆ 14416, 2022ರಿಂದ ಕನ್ನಡದಲ್ಲಿಯೂ ಲಭ್ಯವಿದೆ. ಶಾಲೆಯ ಸೂಚನಾಫಲಕದಲ್ಲಿ ಮೊದಲಿಗರ ಹೆಸರಿನ ಪಕ್ಕದಲ್ಲಿ ಈ ಐದು ಅಂಕೆಗಳನ್ನೂ ಬರೆಯುವುದು ಕಷ್ಟದ ಕೆಲಸವಲ್ಲ.

ಆದರೆ ನಿಯಮಗಳು ಶಾಲೆಯ ಬಾಗಿಲವರೆಗೆ ಬರುತ್ತವೆ, ಊಟದ ಮನೆಯವರೆಗೆ ಬರಲಾರವು. 2025ರಲ್ಲಿ ಉತ್ತರ ಕರ್ನಾಟಕದ ಒಂದು ಮನೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಎಸ್.ಎಸ್.ಎಲ್.ಸಿ.ಯ ಎಲ್ಲ ವಿಷಯಗಳಲ್ಲಿಯೂ ಅನುತ್ತೀರ್ಣನಾದ ಮಗನಿಗೆ ತಂದೆ ತಾಯಿಗಳು ಕೇಕ್ ತರಿಸಿ, ಅವನ ಕೈಯಿಂದಲೇ ಕತ್ತರಿಸಿ, ಮುತ್ತಿಟ್ಟು, ಸೋತದ್ದು ಪರೀಕ್ಷೆಯಲ್ಲಿ ಮಾತ್ರವೆಂದು ಧೈರ್ಯ ಹೇಳಿದ್ದರು. ಕೆಲವರು ಮೆಚ್ಚಿದರು, ಸೋಲಿಗೂ ಸಂಭ್ರಮವೇ ಎಂದು ಕೆಲವರು ಮೂಗುಮುರಿದರು. ಆ ತಂದೆ ತಾಯಿಗಳು ಆಚರಿಸಿದ್ದು ಸೋಲನ್ನಲ್ಲ. ಅಂಕಪಟ್ಟಿ ಬರುವ ಮೊದಲು ಆ ಹುಡುಗ ಅವರಿಗೆ ಏನಾಗಿದ್ದನೋ ಬಂದ ಮೇಲೂ ಅದೇ ಆಗಿದ್ದಾನೆಂಬುದನ್ನು ಅವರು ಅವನಿಗೆ ಕಣ್ಣಿಗೆ ಕಾಣುವಂತೆ ತಿಳಿಸಿದರು. ಚಲನಚಿತ್ರಗಳು ಬಹುಮಾನ ಕೊಟ್ಟು ಹೇಳಬೇಕಾಗಿ ಬಂದ ಮಾತನ್ನು ಅವರು ಬಹುಮಾನವಿಲ್ಲದೆಯೇ ಹೇಳಿದರು.

ಅಂಥದೇ ಮಾತಿಗಾಗಿ ಕಾದಿರುವ ಇನ್ನೊಂದು ಮಗು ಪೂರ್ಣಾಂಕದ ಮನೆಯಲ್ಲಿಯೂ ಇದೆ. ಅದರ ಬಾಯಿಗೆ ಸಿಹಿ ಇಡುವಾಗ, ಈ ಅಂಕ ಬಾರದಿದ್ದರೂ ಈ ಸಿಹಿ ನಿನಗಿತ್ತು ಎಂದು ಹೇಳುವ ತಾಯಿ ಆ ಮಗುವಿನ ಮುಂದಿನ ಹತ್ತು ವರ್ಷಗಳ ಭಯವನ್ನು ಒಂದೇ ವಾಕ್ಯದಲ್ಲಿ ಇಳಿಸಿದಂತಾಗುತ್ತದೆ. ಅದನ್ನು ಹೇಳಲು ಫಲಿತಾಂಶದ ದಿನದವರೆಗೆ ಕಾಯಬೇಕಾಗಿಲ್ಲ.